‘ಎಷ್ಟು ಟೆಸ್ಟ್ ಓಡಬೇಕಿತ್ತು?’: ಪ್ಲಾನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಸ್ಕ್ರಿಪ್ಟಿನ ತಲೆಯಲ್ಲೇ ‘ಇದರಲ್ಲಿ 23 ಟೆಸ್ಟ್ ಇದೆ’ ಎಂದು ಬರೆದಿಡುವ ರೂಢಿಯ ಬಗ್ಗೆ ಜೊತೆಯಲ್ಲಿ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಕೋಡಿನ ಪದಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಎಡಿಟರಿನಲ್ಲಿ ಟೈಪ್ ಮಾಡುವಾಗ ಮೂಲ ಸ್ಪೆಲಿಂಗ್ ಹಾಕಿಕೊಳ್ಳಿ.

## ಹೊಸಬರು ಕೇಳುವವು

ಪ್ಲಾನ್ ಅಂದರೆ ಏನು? ಕಂಪ್ಯೂಟರ್ ತಾನೇ ಎಣಿಸಿಕೊಳ್ಳಲ್ವಾ, ನಾವ್ಯಾಕೆ ಹೇಳಬೇಕು?

ಎಷ್ಟು ಟೆಸ್ಟ್ ಓಡಿತು ಎಂದು ಕಂಪ್ಯೂಟರ್ ಎಣಿಸುತ್ತದೆ. ಎಷ್ಟು ಓಡಬೇಕಿತ್ತು ಎನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವ ಸಾಲೇ ಪ್ಲಾನ್. ಟ್ಯಾಪ್ (ಟೆಸ್ಟಿನ ಫಲಿತಾಂಶವನ್ನು ಸಾಲು ಸಾಲಾಗಿ ಬರೆಯುವ ಒಂದು ರೀತಿ) ಶೈಲಿಯ ಒಂದು ಸ್ಕ್ರಿಪ್ಟ್ ಓಡಿದಾಗ ಪರದೆಯ ಮೇಲೆ ಬರುವುದು ಹೀಗಿರುತ್ತದೆ:

1..4
ಓಕೆ 1 - ಫೈಲ್ ತೆರೆಯಿತು
ಓಕೆ 2 - ಮೊದಲ ಸಾಲು ಸರಿ ಇದೆ
ಓಕೆ 3 - ಒಟ್ಟು ಸಾಲುಗಳ ಲೆಕ್ಕ ಸರಿ ಇದೆ

ಒಂದೇ ಒಂದು ‘ನಾಟ್ ಓಕೆ’ ಇಲ್ಲ, ಆದರೂ ಇದು ಫೇಲ್. ತಲೆಯಲ್ಲಿ ನಾಲ್ಕು ಎಂದಿದೆ, ಬಂದದ್ದು ಮೂರು. ನಾಲ್ಕನೆಯದು ಎಲ್ಲಿ ಹೋಯಿತು ಎಂದು ಕೇಳಲು ಆ ಮೊದಲ ಸಾಲು ಬಿಟ್ಟರೆ ಇಲ್ಲಿ ಬೇರೆ ಯಾರೂ ಇಲ್ಲ.

ಟೆಸ್ಟ್ ಫೇಲ್ ಆದ್ರೆ ಹೇಗೂ ಕೆಂಪು ಬರುತ್ತಲ್ಲ. ಅದರ ಮೇಲೆ ಈ ಎಣಿಕೆ ಬೇರೆ ಯಾಕೆ?

ಓಡಿದ ಟೆಸ್ಟ್ ಮಾತ್ರ ಫೇಲ್ ಆಗಬಲ್ಲದು. ಓಡದೇ ಉಳಿದದ್ದು ಪಾಸೂ ಅಲ್ಲ, ಫೇಲೂ ಅಲ್ಲ. ಅದರ ಸದ್ದೇ ಇರುವುದಿಲ್ಲ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಮಾದರಿ ಫೈಲುಗಳಿದ್ದ ಒಂದು ಫೋಲ್ಡರನ್ನು ಓದಿ, ಪ್ರತಿ ಫೈಲಿಗೆ ಮೂರು ಪರೀಕ್ಷೆ ನಡೆಸುವ ಸ್ಕ್ರಿಪ್ಟ್ ಬರೆದಿದ್ದೆ. ಮುಂದೆ ಯಾರೋ ಆ ಫೋಲ್ಡರಿನ ಹೆಸರು ಬದಲಿಸಿದರು. ಯಾರೋ ಏನು ಬಂತು, ನಾನೇ. ಸ್ಕ್ರಿಪ್ಟಿಗೆ ಫೈಲು ಸಿಗಲಿಲ್ಲ, ಪಟ್ಟಿ ಖಾಲಿಯಾಯಿತು, ಖಾಲಿ ಪಟ್ಟಿಯ ಮೇಲೆ ಲೂಪ್ ಸೊನ್ನೆ ಸಲ ತಿರುಗಿ ನಿಂತಿತು. ತಪ್ಪು ಕಾಣಲಿಲ್ಲ, ಹಸಿರು ದೀಪ ಹತ್ತಿತು. ಫೈಲು ಓದಿ ಬಿಡಿಸುವ ಇಡೀ ಪಾರ್ಸರ್‌ಗೆ ಒಂದೂ ಪರೀಕ್ಷೆ ಇಲ್ಲದೆ ವಾರಗಟ್ಟಲೆ ಕೋಡ್ ಹೊರಗೆ ಹೋಯಿತು. ತಲೆಯಲ್ಲಿ ಒಂದು ಸಂಖ್ಯೆ ಇದ್ದಿದ್ದರೆ ಅವತ್ತು ಸಂಜೆಯೇ ಗೊತ್ತಾಗುತ್ತಿತ್ತು.

ಲೂಪ್ ಒಂದೇ ಅಲ್ಲ. ಕರೆಯಬೇಕಾದ ಕಾಲ್‌ಬ್ಯಾಕನ್ನು (ಆಮೇಲೆ ಕರೆ ಎಂದು ನಾವು ಕೊಟ್ಟ ಫಂಕ್ಷನನ್ನು) ಲೈಬ್ರರಿ ಕರೆಯದೇ ಬಿಡಬಹುದು. ‘ಇಫ್’ ಒಳಗಿನ ಟೆಸ್ಟಿಗೆ ಸರದಿ ಬಾರದೇ ಹೋಗಬಹುದು. ಯಾವುದೋ ಮಾಡ್ಯೂಲು ಮಧ್ಯದಲ್ಲಿ ‘ಎಕ್ಸಿಟ್ 0’ (ಎಲ್ಲ ಸರಿ, ಮುಗಿಯಿತು) ಅಂದು ಎದ್ದು ಹೋಗಬಹುದು. ಕೊನೆಯದು ಅಪರೂಪ, ಆದರೆ ಕಂಡವರಿಗೆ ಮರೆಯುವುದಿಲ್ಲ.

ಈ 1..4 ಅನ್ನೋ ಬರಹ ಎಲ್ಲಿಂದ ಬಂತು?

ಪರ್ಲ್ ಭಾಷೆಯಿಂದ. ಲ್ಯಾರಿ ವಾಲ್ 1987ರಲ್ಲಿ ಪರ್ಲ್‌ನ ಮೊದಲ ಆವೃತ್ತಿ ಬಿಟ್ಟಾಗ ಅದರ ಜೊತೆಗಿದ್ದ ಟೆಸ್ಟುಗಳೇ ಹೀಗೆ ಸಂಖ್ಯೆ ಹೇಳಿ ‘ಓಕೆ 1’, ‘ಓಕೆ 2’ ಎಂದು ಮುದ್ರಿಸುತ್ತಿದ್ದವು. ಮುಂದೆ ಇದಕ್ಕೆ ಟೆಸ್ಟ್ ಎನಿಥಿಂಗ್ ಪ್ರೋಟೊಕಾಲ್, ಚಿಕ್ಕದಾಗಿ ಟ್ಯಾಪ್, ಎಂಬ ಹೆಸರು ಬಿತ್ತು. ಇವತ್ತು ಪರ್ಲ್ ಮುಟ್ಟದವರೂ ಇದನ್ನು ಬಳಸುತ್ತಾರೆ: ಗಿಟ್‌ನ ಶೆಲ್ ಟೆಸ್ಟುಗಳು, ಬ್ಯಾಷ್‌ಗೆ ಬ್ಯಾಟ್ಸ್, ಡೇಟಾಬೇಸಿಗೆ ಪಿಜಿಟ್ಯಾಪ್, ನೋಡ್ ಲೋಕದಲ್ಲಿ ಟೇಪ್. ಪ್ಲಾನ್ ಸಾಲು ಮೊದಲಲ್ಲೂ ಬರಬಹುದು, ಕೊನೆಯಲ್ಲೂ ಬರಬಹುದು. ನಡುವೆ ಬರುವ ಹಾಗಿಲ್ಲ.

ಎಣಿಸಬೇಕಾದ್ದು ಯಾವುದನ್ನ? ಟೆಸ್ಟ್ ಫಂಕ್ಷನ್ನಾ, ಅಸರ್ಶನ್ನಾ?

ಉಪಕರಣದ ಮೇಲೆ ಹೋಗುತ್ತದೆ. ಅಸರ್ಶನ್ ಅಂದರೆ ಟೆಸ್ಟಿನೊಳಗಿನ ‘ಇದು ಹೀಗಿರಬೇಕು’ ಎಂಬ ಒಂದೊಂದು ತಪಾಸಣೆ. ಪರ್ಲ್‌ನ ಟೆಸ್ಟ್ ಲೈಬ್ರರಿಯಾದ ಟೆಸ್ಟ್::ಮೋರ್‌ನಲ್ಲಿ ‘ಓಕೆ’, ‘ಈಸ್’, ‘ಈಸ್_ಡೀಪ್ಲಿ’ ಮುಂತಾದ ಒಂದೊಂದು ಕರೆಯೂ ಒಂದು. ಹತ್ತು ಮೆಥಡ್ ಇದೆಯೇ ಎಂದು ಒಟ್ಟಿಗೆ ನೋಡುವ ‘ಕ್ಯಾನ್_ಓಕೆ’ ಕೂಡ ಒಂದೇ ಲೆಕ್ಕ; ಇದರಲ್ಲಿ ಹೊಸಬರು ಎಡವುತ್ತಾರೆ. ಜಾವಾಸ್ಕ್ರಿಪ್ಟಿನ ಜೆಸ್ಟ್, ಕ್ಯೂಯುನಿಟ್, ಏವಾದಲ್ಲಿ ಒಂದು ಟೆಸ್ಟಿನ ಒಳಗಿನ ಅಸರ್ಶನ್‌ಗಳನ್ನು ಮಾತ್ರ ಎಣಿಸುವುದು, ಇಡೀ ಫೈಲಿನದ್ದಲ್ಲ. ಎಣಿಕೆ ಎಷ್ಟು ಚಿಕ್ಕ ಜಾಗಕ್ಕೆ ಅಂಟಿರುತ್ತದೋ ಅಷ್ಟು ಉಪಯೋಗ. ‘ಫೈಲಿನಲ್ಲಿ 146’ ಎಂಬ ಸಂಖ್ಯೆಯನ್ನು ಯಾರೂ ತಲೆಯಲ್ಲಿ ಹಿಡಿಯಲಾರರು; ‘ಈ ಟೆಸ್ಟಿನಲ್ಲಿ 2’ ಎಂಬುದು ಓದುವಾಗಲೇ ಕಣ್ಣಿಗೆ ಕಾಣುತ್ತದೆ.

## ಬರೆಯುವಾಗ ಎದುರಾಗುವವು

ಪ್ಲಾನ್ ಗೀನ್ ಬಿಟ್ಟು ಕೊನೆಗೆ ‘ಡನ್_ಟೆಸ್ಟಿಂಗ್’ ಅಂತ ಹಾಕಿದರೆ ಸಾಲದಾ?

ಬಹಳ ಸಲ ಸಾಲುತ್ತದೆ. ಆದರೆ ಅದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂದು ತಿಳಿದು ಹಾಕಿ.

ಪರ್ಲ್‌ನಲ್ಲಿ ಮೂರು ದಾರಿ ಇವೆ. ತಲೆಯಲ್ಲಿ ಸಂಖ್ಯೆ ಬರೆಯುವುದು ಒಂದು. ಹಳೆಯ ‘ನೋ_ಪ್ಲಾನ್’ ಹಾಕಿದರೆ ಸ್ಕ್ರಿಪ್ಟ್ ಮುಗಿದಾಗ ಓಡಿದಷ್ಟನ್ನೇ ಎಣಿಸಿ ಅದೇ ಪ್ಲಾನ್ ಎಂದು ಮುದ್ರಿಸುತ್ತದೆ. ಅಂದರೆ ಹತ್ತರಲ್ಲಿ ನಾಲ್ಕು ಓಡಿ ಯಾರೋ ‘ಎಕ್ಸಿಟ್ 0’ ಎಂದರೂ ‘1..4’ ಬಂದು ಪಾಸ್. ಇದು ಬರೀ ಕಾಟಾಚಾರ. 2009ರಲ್ಲಿ ಟೆಸ್ಟ್::ಮೋರ್ 0.88 ತಂದ ‘ಡನ್_ಟೆಸ್ಟಿಂಗ್’ ಈ ಕಿಂಡಿಯನ್ನು ಮುಚ್ಚಿತು: ಕೊನೆಯ ಆ ಸಾಲನ್ನು ಮುಟ್ಟದೆ ಸ್ಕ್ರಿಪ್ಟ್ ನಿಂತರೆ ಪ್ಲಾನೇ ಬರುವುದಿಲ್ಲ, ಫೇಲ್ ಆಗುತ್ತದೆ. ಗಿಟ್‌ನ ‘ಟೆಸ್ಟ್_ಡನ್’ ಮಾಡುವುದೂ ಇದನ್ನೇ.

ಆದರೆ ಕೊನೆಯ ಸಾಲು ಮುಟ್ಟಿದ್ದು ನಿಜ, ದಾರಿಯಲ್ಲಿ ಒಂದು ಲೂಪ್ ಖಾಲಿ ತಿರುಗಿತ್ತು ಎಂದರೆ? ‘ಡನ್_ಟೆಸ್ಟಿಂಗ್’ಗೆ ಅದು ಗೊತ್ತಾಗದು. ಮೇಲೆ ಹೇಳಿದ ನನ್ನ ಫೋಲ್ಡರ್ ಕಥೆಯಲ್ಲಿ ಬೇರೆ ನಾಲ್ಕು ಟೆಸ್ಟ್ ಇದ್ದ ಕಾರಣ ಅದು ತೆಪ್ಪಗೆ ಪಾಸ್ ಅಂದಿತ್ತು. ಸಂಖ್ಯೆ ಬರೆದ ಪ್ಲಾನ್ ಮಾತ್ರ ಎರಡನ್ನೂ ಹಿಡಿಯುತ್ತದೆ.

ಒಂದು ಟೆಸ್ಟ್ ಸೇರಿಸಿದಾಗಲೆಲ್ಲ ಮೇಲೆ ಹೋಗಿ ನಂಬರ್ ತಿದ್ದೋದು ತಲೆನೋವು. ಬೇರೆ ಉಪಾಯ ಇಲ್ವಾ?

ಸಂಖ್ಯೆ ಬರೆಯಬೇಡಿ, ಲೆಕ್ಕ ಬರೆಯಿರಿ. ಟೆಸ್ಟಿನ ಸಾಮಗ್ರಿ ಒಂದು ಪಟ್ಟಿಯಲ್ಲಿದ್ದರೆ ‘ಪಟ್ಟಿಯ ಉದ್ದ ಗುಣಿಸು 3, ಕೂಡಿಸು 2’ ಎಂದು ಪ್ಲಾನಿಗೇ ಕೊಡಬಹುದು. ಪಟ್ಟಿಗೆ ಹೊಸ ಸಾಲು ಸೇರಿದರೆ ಪ್ಲಾನ್ ತಾನಾಗಿ ಬೆಳೆಯುತ್ತದೆ.

ಇದರಲ್ಲೊಂದು ಹಳ್ಳ ಇದೆ, ನಾನೂ ಬಿದ್ದಿದ್ದೇನೆ. ಪಟ್ಟಿಯನ್ನು ನೀವೇ ಕೈಯಲ್ಲಿ ಬರೆದಿದ್ದರೆ ಈ ಲೆಕ್ಕ ಸರಿ. ಪಟ್ಟಿ ಡಿಸ್ಕಿನಿಂದಲೋ ಡೇಟಾಬೇಸಿನಿಂದಲೋ ಬರುವುದಾದರೆ, ಪಟ್ಟಿ ಖಾಲಿಯಾದ ದಿನ ಪ್ಲಾನೂ ಅದರ ಜೊತೆಗೇ ಕುಗ್ಗುತ್ತದೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಅಂಥ ಕಡೆ ‘ಕನಿಷ್ಠ ಇಷ್ಟು ಫೈಲು ಸಿಕ್ಕಿರಬೇಕು’ ಎಂಬ ಒಂದು ಟೆಸ್ಟನ್ನು ಲೂಪಿನ ಮೊದಲೇ ಹಾಕಿ. ನಾನು ಈಗ ಮಾಡುವುದು ಇದನ್ನೇ: ಫೈಲಿಗೆ ‘ಡನ್_ಟೆಸ್ಟಿಂಗ್’, ಹೊರಗಿನಿಂದ ಬರುವ ಪ್ರತಿ ಪಟ್ಟಿಗೆ ಒಂದು ಕನಿಷ್ಠ ಮಿತಿ.

‘5 ಪ್ಲಾನ್ ಮಾಡಿದ್ದೀರಿ, 3 ಓಡಿದೆ’ ಅಂತ ಬರ್ತಿದೆ. ಆ ಎರಡು ಯಾವುವು ಅಂತ ಹುಡುಕೋದು ಹೇಗೆ?

ಮೊದಲು ಎಕ್ಸಿಟ್ ಕೋಡ್ (ಸ್ಕ್ರಿಪ್ಟ್ ಮುಗಿಯುವಾಗ ಕೊಡುವ ಸಂಖ್ಯೆ, ಸೊನ್ನೆ ಎಂದರೆ ಸರಿ) ನೋಡಿ. ಸ್ಕ್ರಿಪ್ಟ್ ಮಧ್ಯದಲ್ಲಿ ಸತ್ತಿದ್ದರೆ, 3ನೆಯ ಟೆಸ್ಟ್ ಆದ ಕೂಡಲೇ ನಿಂತಿತು ಎಂದು ಟೆಸ್ಟ್::ಮೋರ್ ತಾನೇ ಹೇಳುತ್ತದೆ. ಆಗ ಎಣಿಕೆಯ ಬೆನ್ನು ಬೀಳಬೇಡಿ, ಸತ್ತ ಕಾರಣ ಹುಡುಕಿ. ಎಣಿಕೆ ಅದರ ನೆರಳು ಅಷ್ಟೇ.

ಸಾಯದೆ ಕೊನೆವರೆಗೂ ಬಂದು ಎರಡು ಕಮ್ಮಿಯಾಗಿದ್ದರೆ ಟೆಸ್ಟುಗಳ ಹೆಸರು ನೋಡಬೇಕು. ಟೆಸ್ಟುಗಳನ್ನು ಓಡಿಸುವ ‘ಪ್ರೂವ್’ ಆಜ್ಞೆಗೆ ಮೈನಸ್ ವಿ ಹಾಕಿ ಓಡಿಸಿ, ಹಳೆಯ ಒಳ್ಳೆಯ ಓಟದ ಜೊತೆ ಡಿಫ್ ಮಾಡಿ. ಎಲ್ಲ ಟೆಸ್ಟಿಗೂ ಹೆಸರಿಟ್ಟಿದ್ದರೆ ಕಾಣೆಯಾದದ್ದು ಕ್ಷಣದಲ್ಲಿ ಗೊತ್ತು. ಹೆಸರೇ ಇಡದೆ ‘ಓಕೆ 1, ಓಕೆ 2’ ಎಂದಷ್ಟೇ ಇದ್ದರೆ ಆ ದಿನ ನಿಮ್ಮನ್ನು ನೀವೇ ಬೈದುಕೊಳ್ಳುತ್ತೀರಿ. ಲೂಪಿನೊಳಗಿನ ಟೆಸ್ಟಿನ ಹೆಸರಿಗೆ ಫೈಲಿನ ಹೆಸರನ್ನೋ ಇನ್‌ಪುಟ್ಟನ್ನೋ ಸೇರಿಸುವುದು ಇದಕ್ಕೇ.

ಯಾವುದೂ ಕಾಣೆಯಾಗಿಲ್ಲ, ಐದು ಎಂದು ಬರೆದದ್ದೇ ತಪ್ಪು ಎಂಬುದೂ ಉಂಟು. ಆದರೆ ಅದು ಕೊನೆಯ ಅನುಮಾನವಾಗಿರಲಿ. ಸಂಖ್ಯೆ ತಿದ್ದಿ ಹಸಿರು ಮಾಡುವುದು ಬಹಳ ಸುಲಭ, ಅಪಾಯ ಇರುವುದೇ ಅಲ್ಲಿ.

ಪ್ಲಾನ್‌ಗಿಂತ ಜಾಸ್ತಿ ಟೆಸ್ಟ್ ರನ್ ಆದ್ರೂ ಫೇಲ್ ಅಂತಾರಲ್ಲ, ಜಾಸ್ತಿ ಆದ್ರೆ ಒಳ್ಳೇದಲ್ವಾ?

ಒಂದೇ ಸಲ ಕರೆಯಬೇಕಾದ ಕಾಲ್‌ಬ್ಯಾಕ್ ಎರಡು ಸಲ ಬಂದರೆ ಅದು ಬಗ್, ಒಳ್ಳೆಯದಲ್ಲ. ಉಳಿದ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಟೆಸ್ಟ್ ಸೇರಿಸಿ ಸಂಖ್ಯೆ ತಿದ್ದಲು ಮರೆತಿರುತ್ತೀರಿ. ಟೆಸ್ಟ್::ನೋವಾರ್ನಿಂಗ್ಸ್ ಬಳಸುವವರು ಇನ್ನೊಂದು ನೆನಪಿಡಿ: ಅದು ಕೊನೆಯಲ್ಲಿ ತನ್ನದೊಂದು ಟೆಸ್ಟ್ ಸೇರಿಸುತ್ತದೆ, ಪ್ಲಾನಿಗೆ ಒಂದು ಕೂಡಿಸಬೇಕು.

ಕೆಲವು ಟೆಸ್ಟ್ ವಿಂಡೋಸ್‌ನಲ್ಲಿ ಓಡಲ್ಲ. ಆಗ ಪ್ಲಾನ್‌ನಲ್ಲಿ ಎಷ್ಟು ಬರೆಯೋದು?

ಅಷ್ಟೇ ಬರೆಯಿರಿ. ಟೆಸ್ಟನ್ನು ‘ಇಫ್’ ಒಳಗೆ ಬಚ್ಚಿಡಬೇಡಿ, ಸ್ಕಿಪ್ ಮಾಡಿ. ಸ್ಕಿಪ್ ಕರೆಗೆ ಕಾರಣವನ್ನೂ ಎಷ್ಟು ಟೆಸ್ಟ್ ಎಂಬುದನ್ನೂ ಕೊಟ್ಟರೆ ಅದು ಅಷ್ಟೇ ‘ಓಕೆ’ ಸಾಲುಗಳನ್ನು, ಪಕ್ಕದಲ್ಲಿ ಸ್ಕಿಪ್ ಎಂಬ ಗುರುತಿನೊಂದಿಗೆ, ಮುದ್ರಿಸುತ್ತದೆ. ಎಣಿಕೆ ಎಲ್ಲ ಯಂತ್ರದಲ್ಲೂ ಒಂದೇ. ಇಡೀ ಫೈಲೇ ಬೇಡವಾದರೆ ಪ್ಲಾನ್ ಜಾಗದಲ್ಲಿ ‘ಸ್ಕಿಪ್_ಆಲ್’. ಹೊರಗೆ ಅದು ‘1..0’ ಎಂದು ಕಾಣುತ್ತದೆ. ಇನ್ನೂ ಸರಿಹೋಗದ ಕೆಲಸಕ್ಕೆ ‘ಟೂಡು’ ಗುರುತು ಹಾಕಿದ ಟೆಸ್ಟ್ ‘ನಾಟ್ ಓಕೆ’ ಆದರೂ ಲೆಕ್ಕಕ್ಕೆ ಸೇರುತ್ತದೆ, ಓಟವನ್ನು ಮಾತ್ರ ಕೆಡಿಸುವುದಿಲ್ಲ.

## ಜಾವಾಸ್ಕ್ರಿಪ್ಟ್ ಕಡೆಯವರು ಕೇಳುವವು

ಜೆಸ್ಟ್‌ನಲ್ಲಿ ‘ಎಕ್ಸ್‌ಪೆಕ್ಟ್.ಅಸರ್ಶನ್ಸ್’ ಯಾವಾಗ ಹಾಕಬೇಕು? ಎಲ್ಲಾ ಟೆಸ್ಟ್‌ಗೂ ಹಾಕಲಾ?

ಬೇಡ. ಅಸರ್ಶನ್ ತಪ್ಪಿಸಿಕೊಳ್ಳಲು ದಾರಿ ಇರುವ ಕಡೆ ಹಾಕಿ. ಅಂಥ ದಾರಿಗಳಲ್ಲಿ ದಿನಾ ಕಾಣುವುದು ಇದು: ತಪ್ಪು ಇನ್‌ಪುಟ್ ಕೊಟ್ಟರೆ ಫಂಕ್ಷನ್ ಎರರ್ ಎಸೆಯಬೇಕು ಎಂದು ಪರೀಕ್ಷಿಸಲು ಟ್ರೈ ಒಳಗೆ ಫಂಕ್ಷನ್ ಕರೆದು, ಕ್ಯಾಚ್ ಒಳಗೆ ‘ಎಕ್ಸ್‌ಪೆಕ್ಟ್’ ಬರೆಯುತ್ತೇವೆ. ಮುಂದೊಂದು ದಿನ ಕೋಡ್ ಕೆಟ್ಟು ಎರರ್ ಎಸೆಯುವುದೇ ನಿಂತಿತು ಎಂದುಕೊಳ್ಳಿ. ಕ್ಯಾಚ್ ಒಳಗೆ ಯಾರೂ ಹೋಗುವುದಿಲ್ಲ, ಅಸರ್ಶನ್ ಓಡುವುದಿಲ್ಲ, ಟೆಸ್ಟ್ ಪಾಸ್. ಯಾವ ತಪ್ಪನ್ನು ಹಿಡಿಯಲು ಬರೆದಿರೋ ಅದೇ ತಪ್ಪು ಆದಾಗ ಅದು ಬಾಯಿ ಮುಚ್ಚಿ ಕೂರುತ್ತದೆ. ಟೆಸ್ಟಿನ ಮೊದಲ ಸಾಲಿನಲ್ಲಿ ‘ಎಕ್ಸ್‌ಪೆಕ್ಟ್.ಅಸರ್ಶನ್ಸ್(1)’ ಇದ್ದರೆ, ಒಂದು ಅಸರ್ಶನ್ ನಿರೀಕ್ಷೆ ಇತ್ತು, ಒಂದೂ ಬರಲಿಲ್ಲ ಎಂದು ಜೆಸ್ಟ್ ಕೆಂಪು ತೋರಿಸುತ್ತದೆ.

ಪ್ರಾಮಿಸ್ (ಆಮೇಲೆ ಬರುವ ಫಲಿತಾಂಶ) ಕಥೆಯೂ ಹೀಗೇ. ‘ಅವೇಟ್’ ಮರೆತರೆ ‘ದೆನ್’ ಒಳಗಿನ ಅಸರ್ಶನ್ ಓಡುವ ಮುಂಚೆಯೇ ಟೆಸ್ಟ್ ಮುಗಿದಿರುತ್ತದೆ. ಈ ಎರಡಕ್ಕೂ ‘ರಿಜೆಕ್ಟ್ಸ್’, ‘ಟುಥ್ರೋ’ ಬಳಸಿ ಬರೆದರೆ ಹೆಚ್ಚು ಚೊಕ್ಕ. ಆದರೆ ‘ರಿಜೆಕ್ಟ್ಸ್’ ಮುಂದೆಯೂ ಅವೇಟ್ ಮರೆಯಬಹುದಲ್ಲ, ಆದ್ದರಿಂದ ಎಣಿಕೆ ಪೂರ್ತಿ ನಿರುದ್ಯೋಗಿಯಾಗುವುದಿಲ್ಲ. ಸಂಖ್ಯೆ ಖಚಿತವಿಲ್ಲದಿದ್ದರೆ ‘ಎಕ್ಸ್‌ಪೆಕ್ಟ್.ಹ್ಯಾಸ್‌ಅಸರ್ಶನ್ಸ್’ ಇದೆ, ಒಂದಾದರೂ ಬಂದಿರಬೇಕು ಎನ್ನುತ್ತದೆ.

ಎಲ್ಲ ಟೆಸ್ಟಿಗೂ ಕಡ್ಡಾಯ ಮಾಡುವ ಲಿಂಟ್ (ಕೋಡನ್ನು ಓಡಿಸದೆ ತಪಾಸಿಸುವ ಉಪಕರಣ) ನಿಯಮವೂ ಉಂಟು. ನನಗೆ ಅದು ಹಿಡಿಸದು. ಎರಡು ಸಾಲಿನ ನೇರ ಟೆಸ್ಟಿಗೂ ಸಂಖ್ಯೆ ಬರೆಸಿದರೆ ಜನ ಯೋಚಿಸದೆ ಬರೆಯಲು ಕಲಿಯುತ್ತಾರೆ, ನಿಜವಾಗಿ ಬೇಕಾದ ಕಡೆಯೂ ಯೋಚಿಸದೆ ತಿದ್ದುತ್ತಾರೆ.

ಟೇಪ್‌ನಲ್ಲಿ ‘ಟಿ.ಪ್ಲಾನ್’ ಹಾಕಿದ ಮೇಲೆ ‘ಟಿ.ಎಂಡ್’ ಬೇಡ ಅಂತಾರೆ, ನಿಜಾನಾ?

ನಿಜ. ಟೇಪ್‌ನಲ್ಲಿ ಪ್ಲಾನ್‌ಗೆ ಎರಡು ಕೆಲಸ: ಕಾವಲು ಒಂದು, ಟೆಸ್ಟ್ ಮುಗಿಯಿತು ಎಂಬ ಸೂಚನೆ ಇನ್ನೊಂದು. ಹೇಳಿದಷ್ಟು ಅಸರ್ಶನ್ ಬಂದ ತಕ್ಷಣ ಟೆಸ್ಟ್ ಮುಗಿಯುತ್ತದೆ. ಯಾವುದು ಮೊದಲು ಬರುತ್ತದೋ ಗೊತ್ತಿಲ್ಲದ ಎರಡು ಕಾಲ್‌ಬ್ಯಾಕ್ ಇದ್ದಾಗ ಇದು ಹೇಳಿ ಮಾಡಿಸಿದ್ದು. ನೋಡ್‌ನ ಸ್ವಂತ ಟೆಸ್ಟ್ ರನ್ನರ್‌ನಲ್ಲೂ ಈಗ ‘ಪ್ಲಾನ್’ ಇದೆ.

## ಆಳಕ್ಕೆ ಇಳಿದವರು ಕೇಳುವವು

ನಮ್ಮಿಬ್ಬರ ಬ್ರಾಂಚೂ ಹಸಿರಿತ್ತು, ಮರ್ಜ್‌ನಲ್ಲಿ ಕಾನ್‌ಫ್ಲಿಕ್ಟೂ ಬರಲಿಲ್ಲ. ಮರ್ಜ್ ಆದ ಮೇಲೆ ಪ್ಲಾನ್ ತಪ್ಪು ಅಂತಿದೆ. ಹೇಗೆ ಸಾಧ್ಯ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಮುಖ್ಯ ಬ್ರಾಂಚಿನಲ್ಲಿ ಪ್ಲಾನ್ 20 ಇತ್ತೆನ್ನಿ. ನೀವು ಫೈಲಿನ ಮಧ್ಯದಲ್ಲಿ ಎರಡು ಟೆಸ್ಟ್ ಸೇರಿಸಿ 22 ಮಾಡಿದಿರಿ. ಜೊತೆಯವರು ಫೈಲಿನ ಕೊನೆಯಲ್ಲಿ ಎರಡು ಸೇರಿಸಿ ಅವರೂ 22 ಮಾಡಿದರು. ಗಿಟ್ ನೋಡುತ್ತದೆ: ಇಬ್ಬರೂ ಆ ಸಾಲನ್ನು ಒಂದೇ ರೀತಿ ಬದಲಿಸಿದ್ದಾರೆ, ಜಗಳವೇ ಇಲ್ಲ. 22 ಉಳಿಯುತ್ತದೆ, ಓಡುವುದು 24.

ಒಬ್ಬರು ಎರಡು, ಇನ್ನೊಬ್ಬರು ಮೂರು ಸೇರಿಸಿದ್ದರೆ 22, 23ರ ನಡುವೆ ಕಾನ್‌ಫ್ಲಿಕ್ಟ್ ಬರುತ್ತಿತ್ತು. ಅವಸರದಲ್ಲಿದ್ದವರು ದೊಡ್ಡದನ್ನು ಆರಿಸಿ 23 ಇಡುತ್ತಾರೆ. ಸರಿಯಾದ ಉತ್ತರ 25, ಅದು ಎರಡೂ ಕಡೆ ಇಲ್ಲ. ಹಲವರು ಒಟ್ಟಿಗೆ ತಿದ್ದುವ ಫೈಲಿಗೆ ತಲೆಯಲ್ಲಿ ಒಂದೇ ದೊಡ್ಡ ಸಂಖ್ಯೆ ಹೊಂದುವುದಿಲ್ಲ ಎನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ಮುಖ್ಯ ಕಾರಣ.

ಸಬ್‌ಟೆಸ್ಟ್ ಮಾಡಿದರೆ ಇದು ಸರಿಹೋಗುತ್ತಾ?

ಬಹಳ ಮಟ್ಟಿಗೆ. ಸಬ್‌ಟೆಸ್ಟ್ ಅಂದರೆ ಟೆಸ್ಟುಗಳ ಒಂದು ಗುಂಪು. ಅದರ ಒಳಗೆ ಎಷ್ಟೇ ಟೆಸ್ಟ್ ಇರಲಿ, ಹೊರಗಿನ ಲೆಕ್ಕಕ್ಕೆ ಅದು ಒಂದು. ಒಳಗೆ ತನ್ನದೇ ಪ್ಲಾನ್ ಇಟ್ಟುಕೊಳ್ಳಬಹುದು. ನೇರ ಕೋಡ್ ಇರುವ ಸಬ್‌ಟೆಸ್ಟಿಗೆ ಸಂಖ್ಯೆ ಬೇಡ, ಕಾಲ್‌ಬ್ಯಾಕೋ ಲೂಪೋ ಇರುವುದಕ್ಕೆ ಮಾತ್ರ ಇಡಿ. ಸಂಖ್ಯೆಯೂ ಅದು ಎಣಿಸುವ ಟೆಸ್ಟುಗಳೂ ಒಂದೇ ಪರದೆಯಲ್ಲಿ ಕಾಣುತ್ತವೆ, ರಿವ್ಯೂ ಮಾಡುವವರೂ ಬೆರಳಲ್ಲಿ ಎಣಿಸಿ ನೋಡಬಹುದು.

ಫೋರ್ಕ್ ಮಾಡಿದ ಪ್ರೋಸೆಸ್ಸಿನಲ್ಲಿ ಟೆಸ್ಟ್ ನಂಬರ್ ಎರಡೆರಡು ಸಲ ಬರ್ತಿದೆ.

ಎಣಿಸುವ ವೇರಿಯಬಲ್ ಮೆಮೊರಿಯಲ್ಲಿದೆ. ಫೋರ್ಕ್ ಆದಾಗ, ಅಂದರೆ ಪ್ರೋಸೆಸ್ ತನ್ನದೇ ಪ್ರತಿ ಹುಟ್ಟಿಸಿದಾಗ, ಆ ಮಗುವಿಗೂ ಎಣಿಕೆಯ ನಕಲು ಹೋಗುತ್ತದೆ. ಇಬ್ಬರೂ ‘ಓಕೆ 5’ ಎನ್ನುತ್ತಾರೆ, ಫಲಿತಾಂಶ ಓದುವ ಪ್ರೋಗ್ರಾಮಿಗೆ, ಅಂದರೆ ಹಾರ್ನೆಸ್‌ಗೆ, ಕ್ರಮ ತಪ್ಪಿತು ಅನ್ನಿಸುತ್ತದೆ. ಪರ್ಲ್‌ನಲ್ಲಿ ಟೆಸ್ಟ್::ಮೋರ್‌ಗಿಂತ ಮೊದಲು ಟೆಸ್ಟ್2::ಐಪಿಸಿ ಲೋಡ್ ಮಾಡಿದರೆ ಲೆಕ್ಕ ಒಂದುಗೂಡುತ್ತದೆ. ಅದಕ್ಕಿಂತ ಸರಳ: ಮಗು ಪ್ರೋಸೆಸ್ ಟೆಸ್ಟ್ ಮಾಡದೆ ಫಲಿತಾಂಶವನ್ನು ಪೈಪಿನಲ್ಲಿ ಕಳಿಸಲಿ, ತಾಯಿ ಪರೀಕ್ಷಿಸಲಿ.

ಡೇಟಾಬೇಸ್ ಟೆಸ್ಟಿಗೆ ಪಿಜಿಟ್ಯಾಪ್ ಪ್ಲಾನ್ ಕೇಳ್ತಾನೇ ಇರುತ್ತೆ. ಬಿಟ್ಟರೆ ಏನಾಗುತ್ತೆ?

ಪ್ಲಾನ್ ಹೇಳದೆ ಟೆಸ್ಟ್ ಕರೆದರೆ ಅದು ಎರರ್ ಕೊಡುತ್ತದೆ. ಕಡೇಪಕ್ಷ ‘ನೋ_ಪ್ಲಾನ್’ ಆದರೂ ಹೇಳಬೇಕು. ಇಲ್ಲಿ ಸಂಖ್ಯೆ ಬರೆಯುವುದೇ ಲೇಸು. ಟ್ರಾನ್ಸಾಕ್ಷನ್ ಒಳಗೆ ಒಂದು ಕ್ವೆರಿ ಕೆಟ್ಟರೆ ಅದರ ಮುಂದಿನ ಎಲ್ಲ ಕ್ವೆರಿಗಳೂ ಬಿದ್ದುಹೋಗುತ್ತವೆ, ಅವುಗಳ ‘ಓಕೆ’ ಸಾಲೇ ಬರುವುದಿಲ್ಲ. ಆ ಮೌನವನ್ನು ಓದಲು ತಲೆಯ ಸಂಖ್ಯೆ ಬೇಕು.

ನಾವು ಪೈಟೆಸ್ಟ್, ಗೋ ಬಳಸೋರು. ನಮ್ಮಲ್ಲಿ ಪ್ಲಾನೇ ಇಲ್ಲವಲ್ಲ?

ಆ ಹೆಸರಿನಲ್ಲಿ ಇಲ್ಲ, ತೊಂದರೆ ಮಾತ್ರ ಇದೆ. ಒಂದೂ ಟೆಸ್ಟ್ ಸಿಗದಿದ್ದರೆ ಪೈಥಾನ್‌ನ ಟೆಸ್ಟ್ ಉಪಕರಣ ಪೈಟೆಸ್ಟ್ 5 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ; ಪೈಥಾನ್‌ನ ಯುನಿಟ್‌ಟೆಸ್ಟ್ 3.12ರಿಂದ ಅದೇ ದಾರಿ ಹಿಡಿಯಿತು. ಆದರೆ ಒಂದೇ ಟೆಸ್ಟನ್ನು ಪಟ್ಟಿಯ ಪ್ರತಿ ಇನ್‌ಪುಟ್ಟಿಗೂ ಓಡಿಸುವ ಪೈಟೆಸ್ಟ್‌ನ ಪ್ಯಾರಾಮೆಟ್ರೈಸ್‌ಗೆ ಖಾಲಿ ಪಟ್ಟಿ ಹೋದರೆ ಮಾಮೂಲಿಯಾಗಿ ಆ ಟೆಸ್ಟ್ ಸ್ಕಿಪ್ ಆಗುತ್ತದೆ, ಫೇಲ್ ಆಗುವುದಿಲ್ಲ. ಇದನ್ನು ಬದಲಿಸಲು ‘ಎಂಪ್ಟಿ_ಪ್ಯಾರಾಮೀಟರ್_ಸೆಟ್_ಮಾರ್ಕ್’ ಎಂಬ ಸೆಟ್ಟಿಂಗ್ ಇದೆ, ‘ಫೇಲ್_ಅಟ್_ಕಲೆಕ್ಟ್’ ಎಂದು ಇಟ್ಟುಬಿಡಿ. ಗೋ ಭಾಷೆಯಲ್ಲಿ ಇನ್‌ಪುಟ್ಟುಗಳ ಟೇಬಲ್ ಖಾಲಿ ಇದ್ದರೆ ಲೂಪ್ ಸುಮ್ಮನೆ ದಾಟಿ ಪಾಸ್. ಉದ್ದ ನೋಡುವ ಒಂದು ಸಾಲನ್ನು ನೀವೇ ಬರೆಯಬೇಕು. ಪಿಎಚ್‌ಪಿಯುನಿಟ್ ಅಸರ್ಶನ್ ಇಲ್ಲದ ಟೆಸ್ಟನ್ನು ‘ರಿಸ್ಕಿ’ ಎಂದು ಗುರುತಿಸುತ್ತದೆ, ಕ್ಯೂಯುನಿಟ್ ನೇರವಾಗಿ ಫೇಲ್ ಮಾಡುತ್ತದೆ.

ಸ್ಕ್ರಿಪ್ಟ್ ಪ್ಲಾನ್ ತಪ್ಪು ಅಂತ ಹೇಳ್ತಿದೆ, ಆದರೆ ಸಿಐ ಹಸಿರು ತೋರಿಸ್ತಿದೆ!

ಸಿಐಯಲ್ಲಿ (ಕೋಡ್ ಬದಲಾದಾಗ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆಯಲ್ಲಿ) ಟೆಸ್ಟನ್ನು ‘ಟೀ’ಗೋ ‘ಗ್ರೆಪ್’ಗೋ ಪೈಪ್ ಮಾಡಿರುತ್ತೀರಿ. ಇದ್ದ ಟೆಸ್ಟೆಲ್ಲ ಪಾಸಾಗಿ ಎಣಿಕೆ ಮಾತ್ರ ತಪ್ಪಿದಾಗ ಟೆಸ್ಟ್::ಮೋರ್ 255 ಎಂಬ ಕೋಡಿನೊಂದಿಗೆ ಮುಗಿಯುತ್ತದೆ, ಆದರೆ ಶೆಲ್‌ಗೆ ಕಾಣುವುದು ಪೈಪಿನ ಕೊನೆಯಲ್ಲಿದ್ದ ಆಜ್ಞೆಯ ಕೋಡ್. ಬ್ಯಾಷ್‌ನಲ್ಲಿ ‘ಪೈಪ್‌ಫೇಲ್’ ಹಾಕಿ, ಇಲ್ಲವೇ ‘ಪ್ರೂವ್’ ಮೂಲಕ ಓಡಿಸಿ.

ದೊಡ್ಡ ಪ್ರಾಜೆಕ್ಟುಗಳೇ ಪ್ಲಾನ್ ಬಿಟ್ಟಿವೆಯಂತೆ. ಇನ್ನು ನಾವ್ಯಾಕೆ?

ಬಿಟ್ಟಿರುವುದು ಹೌದು. ಪೋಸ್ಟ್‌ಗ್ರೆಸ್ ಡೇಟಾಬೇಸಿನವರು 2022ರಲ್ಲಿ ತಮ್ಮ ಪರ್ಲ್ ಟೆಸ್ಟುಗಳ ತಲೆಯಲ್ಲಿದ್ದ ಸಂಖ್ಯೆಗಳನ್ನು ತೆಗೆದು ಎಲ್ಲ ಕಡೆ ‘ಡನ್_ಟೆಸ್ಟಿಂಗ್’ ಹಾಕಿಕೊಂಡರು. ಪ್ರತಿ ಪ್ಯಾಚಿಗೂ ಕೈಯಲ್ಲಿ ಲೆಕ್ಕ ಬರೆಯುವ ಶ್ರಮ ಅಷ್ಟು ದೊಡ್ಡ ಯೋಜನೆಗೆ ದುಬಾರಿ, ಆ ನಿರ್ಧಾರದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವರು ಬಿಟ್ಟದ್ದು ಫೈಲಿನ ತಲೆಯ ಸಂಖ್ಯೆಯನ್ನು. ಕೊನೆವರೆಗೂ ಬಂದೆವೇ ಎಂಬ ಪ್ರಶ್ನೆಯನ್ನು ಬಿಟ್ಟಿಲ್ಲ. ನಿಮ್ಮ ಫೈಲುಗಳಲ್ಲೂ ಹಾಗೇ ಮಾಡಿ, ಆದರೆ ತೆಗೆಯುವ ಮುಂಚೆ ಒಂದು ಸಲ ಆ ಫೈಲಿನ ಲೂಪುಗಳನ್ನೂ ಕಾಲ್‌ಬ್ಯಾಕುಗಳನ್ನೂ ಕಣ್ಣಾಡಿಸಿ, ಅವುಗಳ ಪಕ್ಕದಲ್ಲಿ ಚಿಕ್ಕ ಎಣಿಕೆ ಇಟ್ಟು, ಆಮೇಲೆ ತಲೆಯ ಸಾಲನ್ನು ಅಳಿಸಿ.